ಕೋದಂಡನ ಮಾತಿಗೆ ಕರ್ಪೂರ

ಶಿವರಾತ್ರಿ ಕಳೆದು ವಾರವಾಗಿತ್ತು. ಚಳಿ ಶಿವಶಿವಾ ಎಂದು ಹೊರಟುಹೋಗಬೇಕಾದ ಕಾಲ. ಆದರೆ ಐವತ್ತೆಂಟನೇ ಇಸವಿಯ ಆ ಭಾನುವಾರ ಬೆಳಿಗ್ಗೆ ನೆಲ ಹಿಡಿದು ಮಂಜು ಬಿದ್ದಿತ್ತು. ಕೊಟ್ಟಿಗೆಯ ಮುಂದೆ ಕಟ್ಟಿದ್ದ ಎತ್ತುಗಳ ಕೊಂಬು ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕೂಗಿದ ರೈಲು ಎರಡು ಮೈಲಿ ಆಚೆಯ ಈ ಊರಿನ ಹಿತ್ತಲಲ್ಲೇ ಕೂಗಿದಂತೆ ಕೇಳಿಸಿತು. ಅಮ್ಮಾಜಮ್ಮ ಬಾಗಿಲಿಗೆ ನೀರು ಚಿಮುಕಿಸಿ, ರಂಗೋಲಿ ಎಳೆದು, ಪೂರ್ವಕ್ಕೆ ತಿರುಗಿ ಕೈ ಮುಗಿದಳು. ಸೂರ್ಯ ಕಾಣಿಸಲಿಲ್ಲ. ಕಾಣಿಸದಿದ್ದರೂ ಅವನು ಎದ್ದಿದ್ದಾನೆ ಅನ್ನುವುದರಲ್ಲಿ ಅವಳಿಗೆ ಅರವತ್ತು ವರ್ಷದಲ್ಲಿ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಆ ಮಂಜಿನೊಳಗಿಂದ ಪಾಪಕ್ಕ ಬಂದಳು. ಅಮ್ಮಾಜಮ್ಮನ ಮೈದುನನ ಸೊಸೆ. ಅವಳ ಗಂಡ ಕದಿರಪ್ಪ ಸತ್ತು ವರ್ಷ ದಾಟಿತ್ತು.

"ದೊಡ್ಡತ್ತೆ, ಭಾವ ಎದ್ದವ್ರಾ?"

"ಅಲ್ಲುಜ್ತಾ ಅವನೆ. ಏನಮ್ಮಾ ಇಷ್ಟೊತ್ತಿಗೇ?"

"ನಮ್ಮಣ್ಣ ಕುಪ್ಪದಿಂದ ಒಂದು ಜೊತೆ ಎತ್ತು ತಂದುಕೊಟ್ಟವ್ನೆ. ಇನ್ಮೇಲೆ ನಮ್ಮ ವಂತು ನಮಗೆ ಬಿಟ್ಕೊಡಿ ಅಂತ ಕೇಳೋಕೆ ಬಂದೆ."

ಬಾವಿಯ ವಂತು. ಆ ಬಾವಿಯನ್ನು ಅಣ್ಣತಮ್ಮಂದಿರಿಬ್ಬರು, ಅಂದರೆ ಅಮ್ಮಾಜಮ್ಮನ ಗಂಡ ಮತ್ತು ಪಾಪಕ್ಕನ ಮಾವ, ಕೂಡಿ ತೋಡಿಸಿದ್ದು. ಒಂದು ದಿನ ಇವರದು, ಒಂದು ದಿನ ಅವರದು. ತಮ್ಮ ದಿನ ಬಂದಾಗ ಎತ್ತು ಕಟ್ಟಿ ಕಪಿಲೆ ಹೊಡೆದು, ತೊಗಲ ಬಾನಿಯಲ್ಲಿ ನೀರೆತ್ತಿ, ತಮ್ಮ ಹೊಲಕ್ಕೆ ಹರಿಸಿಕೊಳ್ಳುವುದು. ಹೋದ ವರ್ಷದ ಹಿಂದಿನ ವರ್ಷ ಬಾವಿಯ ಪಡುವಣ ಗೋಡೆ ಕುಸಿಯಿತು. ಅಮ್ಮಾಜಮ್ಮನ ದೊಡ್ಡ ಮಗ ಮುನಿಸ್ವಾಮಪ್ಪ ತಾನೇ ನಿಂತು ಕಲ್ಲು ಕಟ್ಟಿದ. ಕದಿರಪ್ಪ ಮೂರು ದಿನ ಬಂದ, ಜ್ವರ ಹಿಡಿದು ಮಲಗಿದ, ಮಲಗಿದವನು ಏಳಲಿಲ್ಲ. ಪಾಪಕ್ಕ ಎತ್ತು ಮಾರಿದಳು. ಎತ್ತಿಲ್ಲದವಳ ದಿನದಲ್ಲೂ ಮುನಿಸ್ವಾಮಪ್ಪನೇ ಕಪಿಲೆ ಹೊಡೆದ. ನೀರು ಹೆಚ್ಚಾದ ಮೇಲೆ ರಾಗಿಯ ಹೊಲದಲ್ಲಿ ಬದನೆ ಬಂತು, ಹುರುಳಿಕಾಯಿ ಬಂತು. ವಾರಕ್ಕೆ ಎರಡು ಸಲ ಬುಟ್ಟಿ ತುಂಬಿ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಮನೆಯಲ್ಲಿ ವಾರಕ್ಕೊಂದು ದಿನ ಅನ್ನ ಮಾಡುವುದು ಶುರುವಾಗಿತ್ತು.

ಮುನಿಸ್ವಾಮಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ. ಪಾಪಕ್ಕನ ಮಾತು ಕೇಳಿದ. ಕಡ್ಡಿ ತೆಗೆದು ಉಗಿದ.

"ಯಾವ ವಂತು? ಕದಿರಪ್ಪ ಬಾವಿ ಬಿಟ್ಕೊಟ್ಟ ಕಣಮ್ಮ. ಗೋಡೆ ಕಟ್ಟೋವಾಗ. ನನ್ ಕೈಲಾಗಲ್ಲ ಅಣ್ಣ, ಗೋಡೆ ನೀನೇ ಕಟ್ಕೊ, ಬಾವಿ ನೀನೇ ಇಟ್ಕೊ, ಕುಡಿಯೋಕೆ ನೀರು ಕೊಟ್ರೆ ಸಾಕು ಅಂದ."

ಈ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಹೊರಬಿದ್ದ ಮೇಲೆ ಬಾಯಿಗೆ ಹಿಂತಿರುಗಲಿಲ್ಲ.

"ನಂಗೆ ಅವರು ಯೋಳಲಿಲ್ಲವಲ್ಲ ಭಾವ."

"ಸಾಯೋನು ಎಲ್ಲಾ ಯೋಳಿ ಸಾಯ್ತಾನಾ?"

"ಯಾರ ಮುಂದೆ ಅಂದ್ರು?"

"ಬಾವಿ ಒಳಗೆ ಅಂದ. ನಮ್ಮ ಕೋದಂಡನೂ ಇದ್ದ." ಮಾತಿಗೆ ತೂಕ ಬರಲಿ ಅಂತ ತಮ್ಮನ ಹೆಸರು ಸೇರಿಸಿದ. ಅಲ್ಲೇ ಸಿಕ್ಕಿಬಿದ್ದ.

ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಂಗಾದ್ರೆ ಕೋದಂಡಪ್ಪ ಬರ್ಲಿ. ಗಂಗಮ್ಮನ ಮುಂದೆ ಕರ್ಪೂರ ಆರಿಸಿ ಇದೇ ಮಾತು ಯೋಳ್ಲಿ. ನಾನು ಬಾಯಿ ಮುಚ್ಕಂಡು ಓಗ್ತೀನಿ."

ಕಾಗದ ಪತ್ರ ಇಲ್ಲದ ವ್ಯಾಜ್ಯಕ್ಕೆ ಆ ಊರಲ್ಲಿ ಅದೇ ಕೋರ್ಟು. ಗಂಗಮ್ಮನ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. ಪ್ರಮಾಣ ಮಾಡುವವನು ಉರಿಯುವ ಕರ್ಪೂರವನ್ನು ಬರಿಯ ಅಂಗೈಯಿಂದ ಆರಿಸಬೇಕು. ಸುಳ್ಳಿಗೆ ಆರಿಸಿದರೆ ವರ್ಷ ತುಂಬುವುದರೊಳಗೆ ಅವನ ಮನೆಯ ದೀಪವನ್ನು ಗಂಗಮ್ಮ ಆರಿಸುತ್ತಾಳೆ. ಊರ ಹಿರಿಯ ಬಚ್ಚಪ್ಪ ಮಧ್ಯಾಹ್ನದ ಹೊತ್ತಿಗೆ ದಿನ ಗೊತ್ತುಮಾಡಿದ. ನಾಡಿದ್ದಲ್ಲ, ಅದರಾಚೆಯ ಮಂಗಳವಾರ.

ಅವತ್ತು ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ಮುನಿಸ್ವಾಮಪ್ಪನ ಹೆಂಡತಿ ವೆಂಕಟರತ್ನಮ್ಮ ಬಡಿಸುತ್ತಾ ಕೇಳಿದಳು.

"ಕೋದಂಡ ಯಾಕೆ? ಅವನು ರಜ ಆಕಿ ಬರ್ಬೇಕು. ನೀವೇ ಆರಿಸಿದ್ರೆ ಆಗಲ್ವಾ? ನಿಜ ತಾನೇ?"

ಮುನಿಸ್ವಾಮಪ್ಪ ಮುರಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಲ್ಲೇ ಬಿಟ್ಟ. "ನಮ್ಮ ಮಕ್ಕಳು ಇನ್ನೂ ಚಿಕ್ಕೋರು ಕಣೆ."

ಅವಳಿಗೆ ಅರ್ಥವಾಯಿತು. ಇನ್ನರ್ಧ ಮುದ್ದೆ ತಟ್ಟೆಗೆ ಹಾಕಿ ಒಳಗೆ ಹೋದಳು.

ಕೋದಂಡಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿದ್ದ. ನೆಲದಡಿಗೆ ಆಳುಗಳನ್ನು ಇಳಿಸುವ, ಹತ್ತಿಸುವ ಕೇಜಿಗೆ ಬೆಲ್ಲು ಬಾರಿಸುವ ಕೆಲಸ. ಲೈನು ಮನೆಯೊಂದರಲ್ಲಿ ಪೆರುಮಾಳ್ ಎಂಬುವನ ಜೊತೆ ವಾಸ. ಭಾನುವಾರ ರಜ ಸಿಕ್ಕಿದರೆ ರೈಲು ಹತ್ತಿ ಬಂಗಾರಪೇಟೆಗೆ ಬಂದು, ಸಂಬಳದಲ್ಲಿ ಅರ್ಧ ಅಮ್ಮನ ಕೈಗೆ ಕೊಟ್ಟು, ಉಂಡು ಹೋಗುತ್ತಿದ್ದ. ಒಳ್ಳೆಯ ಹುಡುಗ. ಆದರೆ ಮೂರು ವರ್ಷದಿಂದ ದೇವರಿಗೆ ಕೈ ಮುಗಿಯುವುದನ್ನು ಬಿಟ್ಟಿದ್ದ. ಹಬ್ಬದ ದಿನ ತೆಂಗಿನಕಾಯಿ ಸುಲಿದುಕೊಡುತ್ತಿದ್ದ, ನೀರು ಸೇದಿ ಕೊಡುತ್ತಿದ್ದ. ಮಂಗಳಾರತಿ ಬಂದಾಗ ಮಾತ್ರ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದ.

"ಯಾರ್ಲಾ ನಿಂಗೆ ಇದನ್ನ ಕಲಿಸಿದ್ದು? ಆ ಯೂನಿಯನ್ನೋರಾ?" ಎಂದು ಅಮ್ಮಾಜಮ್ಮ ಕೇಳಿದ್ದಳು.

"ಯಾರೂ ಕಲಿಸಲಿಲ್ಲಮ್ಮ. ಉದುರೋಯ್ತು. ಮಕ್ಕಳ ಆಲಲ್ಲು ಉದುರ್ದಂಗೆ."

"ಆಲಲ್ಲು ಉದುರಿದ್ರೆ ಇನ್ನೊಂದು ಉಟ್ತದೆ ಕಣ್ಲಾ."

"ಉಟ್ಟಿದಾಗ ಯೋಳ್ತೀನಿ ಬಿಡು."

ಅವಳು ಶನಿವಾರದ ಉಪವಾಸದ ಜೊತೆಗೆ ಸೋಮವಾರವನ್ನೂ ಹಿಡಿದಳು. ದೇವರ ಭಯ ಇಲ್ಲದವನಿಗೆ ಯಾರು ಹೆಣ್ಣು ಕೊಡುತ್ತಾರೆ, ಯಾವ ಹೊತ್ತಿನಲ್ಲಿ ಯಾವ ಹಾದಿ ತುಳಿದುಬಿಡುತ್ತಾನೋ ಎನ್ನುವುದು ಅವಳ ಚಿಂತೆ.

ಗುರುವಾರ ಮುನಿಸ್ವಾಮಪ್ಪ ಬದನೆಕಾಯಿ ಬುಟ್ಟಿಗಳನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿಸಿ, ನಾಲ್ಕು ಕಾಯಿ ಟವೆಲ್ಲಿಗೆ ಕಟ್ಟಿಕೊಂಡು, ನಡೆದೇ ಕೋರಮಂಡಲ್ಲಿಗೆ ಹೋದ. ಲೈನು ಮನೆ ಅಂದರೆ ಒಂದೇ ಕೋಣೆ. ಕೋದಂಡಪ್ಪ ಅನ್ನ ಬಸಿಯುತ್ತಿದ್ದ. ಪೆರುಮಾಳ್ ಮೂಲೆಯಲ್ಲಿ ಮುರುಗನ ಪಟಕ್ಕೆ ಊದುಬತ್ತಿ ಹಚ್ಚಿ, ವಿಭೂತಿ ಬಳಿದುಕೊಳ್ಳುತ್ತಿದ್ದ.

"ವಾಂಗ ಅಣ್ಣೇ, ವಾಂಗ," ಎಂದ ಪೆರುಮಾಳ್. "ಬದನೇಕಾಯಿ ತಂದ್ರಾ? ನಿಮ್ಮ ತಮ್ಮ ಮೂರು ದಿನದಿಂದ ಬರೀ ರಸಂ ಕುಡಿಸ್ತಾ ಅವ್ನೆ."

ಮುನಿಸ್ವಾಮಪ್ಪ ಕೂತು, ನೀರು ಕುಡಿದು, ವಿಷಯ ಹೇಳಿದ. ಕೋದಂಡಪ್ಪ ಅನ್ನದ ಪಾತ್ರೆ ನೆಲಕ್ಕಿಟ್ಟ.

"ಕದಿರಪ್ಪಣ್ಣ ಅಂಗೆ ಅನ್ನಲಿಲ್ಲವಲ್ಲ ಅಣ್ಣ."

"ಅನ್ನಲಿಲ್ಲ. ಈಗ ಅಂದ ಅನ್ಬೇಕು."

"ನೀನೇ ಅನ್ನು."

"ಲೇ, ನನಗೆ ಗಂಗಮ್ಮ ಅವ್ಳೆ ಕಣ್ಲಾ. ನನ್ನ ಕೈ ಏಳಲ್ಲ. ನಿನಗೇನು? ನಿನಗೆ ಅವಳು ಕಲ್ಲು. ಆರಿಸಿ ಕೈ ಒರೆಸ್ಕಂಡು ರೈಲು ಅತ್ತು. ಒಂದು ಚಣದ ಕೆಲಸ."

ಕೋದಂಡಪ್ಪ ಅಣ್ಣನನ್ನು ನೋಡಿದ. "ಮೂರು ವರ್ಷದಿಂದ ಮನೇಲಿ ಎಲ್ಲಾರೂ ಬೈದ್ರಿ, ಸಾಮಿ ಇಲ್ಲ ಅಂತಾನೆ ಅಂತ. ಈಗ ಅದೇ ಬೇಕಾಯ್ತಾ?"

"ಭಯ ಇಲ್ದೋನು ಮನೇಲಿ ನೀನೊಬ್ನೇ. ಇನ್ಯಾರತ್ರ ಓಗ್ಲಿ?"

"ಆಗಲ್ಲ."

"ಯಾಕಾಗಲ್ಲ? ನಿನಗೆ ಪಾಪ ತಟ್ಟಲ್ವಲ್ಲ!"

"ಪಾಪಕ್ಕತ್ತಿಗೆಯ ಒಲಕ್ಕೆ ತಟ್ತದಲ್ಲ."

ಪೆರುಮಾಳ್ ಮಧ್ಯೆ ಬಾಯಿ ಹಾಕಿದ. "ಅಣ್ಣೇ, ನಾನು ದಿನಾ ಮುರುಗನಿಗೆ ಕೈ ಮುಗಿದೇ ಶಿಫ್ಟಿಗೆ ಓಗೋನು. ಆದ್ರೂ ಬೆಲ್ಲಿನತ್ರ ಯಾರು ನಿಂತವ್ರೆ ಅಂತ ನೋಡ್ಕಂಡೇ ಕೇಜಿಗೆ ಕಾಲಿಡೋದು. ಇವನಿದ್ರೆ ಒಟ್ಟೆ ತಣ್ಣಗಿರ್ತದೆ. ಮುರುಗನೂ ಬೇಜಾರು ಮಾಡ್ಕಳಲ್ಲ."

"ನೀನು ಸುಮ್ನಿರಪ್ಪ," ಎಂದ ಮುನಿಸ್ವಾಮಪ್ಪ. "ಗೋಡೆ ಕಟ್ಟಿದ್ದು ನಾನು. ಅವನ ಕಡೆಯಿಂದ ಅನ್ನೆರಡು ಆಳು ಬರ್ಬೇಕಿತ್ತು. ಬಂತಾ? ಮೈಮುರಿದು ಕಲ್ಲೊತ್ತಿದ್ದು ನಾನು. ಅದು ಯಾರಿಗೂ ಬೇಡ."

"ಅದು ನಿಜ. ಅದನ್ನೂ ಯೋಳ್ತೀನಿ. ಕದಿರಪ್ಪಣ್ಣ ಅಂದಿದ್ದೇ ಅದು. ಅನ್ನೆರಡು ಆಳಿನ ಕೆಲಸ ಅಣ್ಣನಿಗೆ ಮುಯ್ಯಿ ಬಾಕಿ, ಉಗಾದಿ ಆದ್ಮೇಲೆ ತೀರಿಸ್ತೀನಿ ಅಂದ. ಎರಡೂ ಯೋಳ್ತೀನಿ."

"ಎರಡು ಬೇಡ. ಒಂದು ಸಾಕಿತ್ತು." ಮುನಿಸ್ವಾಮಪ್ಪ ಎದ್ದ. ಊಟಕ್ಕೆ ನಿಲ್ಲಲಿಲ್ಲ. ಬದನೆಕಾಯಿಗಳನ್ನು ಮಾತ್ರ ಬಿಟ್ಟು ಹೋದ.

ಭಾನುವಾರ ಕೋದಂಡಪ್ಪ ಊರಿಗೆ ಬಂದ. ಅಣ್ಣನ ಮಗಳು ಕನಕಳಿಗೆ ಬೇಕರಿಯ ಬನ್ನು ತಂದಿದ್ದ. ಹನ್ನೆರಡು ವರ್ಷದ ಹುಡುಗಿ; ತಿನ್ನುತ್ತಾ ಎಲ್ಲರ ಮಾತಿಗೂ ಕಿವಿ ಕೊಡುವವಳು. ಗಂಡಸರು ಉಣ್ಣಲು ಕೂತರು. ಅಮ್ಮಾಜಮ್ಮ ಒಳಗೆ ಮುದ್ದೆ ತಿರುವುತ್ತಿದ್ದಳು.

"ಎರಡು ದಿನ ಐತೆ. ಏನು ಮಾಡ್ದೆ?" ಎಂದ ಮುನಿಸ್ವಾಮಪ್ಪ.

"ಯೋಳಿದ್ನಲ್ಲ."

"ದೇವ್ರಿಗೂ ಎದರಲ್ಲ, ಅಣ್ಣನಿಗೂ ಎದರಲ್ಲ. ಇನ್ಯಾರಿಗೆ ಎದರ್ತೀಯಾ ನೀನು?"

ವೆಂಕಟರತ್ನಮ್ಮ ಸಾರಿನ ಸೌಟು ಹಿಡಿದೇ ಅಂದಳು. "ಅಲ್ಲ ಕೋದಂಡ, ನಂಗೊಂದು ಅರ್ಥ ಆಗಲ್ಲ. ದೇವ್ರಿದ್ರೆ ತಾನೇ ಪಾಪ? ಇಲ್ಲ ಅನ್ನೋನಿಗೆ ಎಲ್ಲಿಂದ ಬಂತು ಇದು? ದಿನ ಬಿಟ್ಟು ದಿನ ನೀರಿಲ್ಲ ಅಂದ್ರೆ ಅರ್ಧ ಗಿಡ ಕೀಳ್ಬೇಕು. ಕೀಳೋದು ನಾನು, ನೀನಲ್ಲ."

"ಗೊತ್ತು ಅತ್ತಿಗೆ. ನಾನೂ ಬಂದು ಕೀಳ್ತೀನಿ."

"ಕೀಳೋಕೆ ಬತ್ತಾನಂತೆ, ಉಳಿಸೋಕೆ ಬರಲ್ವಂತೆ!"

ಕನಕ ಬನ್ನು ಕೈಯಲ್ಲಿ ಹಿಡಿದು ಕೇಳಿದಳು. "ಅಪ್ಪಾ, ಚಿಕ್ಕಪ್ಪ ಸುಳ್ಳಿಗೆ ಆರಿಸಿದ್ರೆ ಗಂಗಮ್ಮನಿಗೆ ಗೊತ್ತಾಗಲ್ವಾ? ಕಳಿಸಿದ್ದು ನೀನು ಅಂತ?"

ಒಳಗೆ ಮುದ್ದೆ ತಿರುವುವ ಸದ್ದು ನಿಂತಿತು. ಅಮ್ಮಾಜಮ್ಮ ಕೋಲು ಹಿಡಿದೇ ಬಾಗಿಲಿಗೆ ಬಂದಳು. ಅಲ್ಲಿಯವರೆಗೆ ಅವಳು ತಿಳಿದಿದ್ದದ್ದು ಬೇರೆ: ಕದಿರಪ್ಪ ಆ ಮಾತು ಹೇಳಿದ್ದಾನೆ, ದೇವರಿಲ್ಲ ಅನ್ನುವ ಮಗ ಹಟಕ್ಕೆ ಬಿದ್ದು ಕರ್ಪೂರ ಮುಟ್ಟುತ್ತಿಲ್ಲ, ಅಷ್ಟೇ ಎಂದು.

"ಸುಳ್ಳಿಗಾ?" ಎಂದಳು.

ಮುನಿಸ್ವಾಮಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೊಲಕ್ಕೆ ಹೋದ.

ಊಟವಾದ ಮೇಲೆ ಕೋದಂಡಪ್ಪ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಅಮ್ಮಾಜಮ್ಮ ಮೊರ ತಂದು ಹತ್ತಿರ ಕೂತಳು. ರಾಗಿ ಕೇರುತ್ತಾ ಕೇಳಿದಳು.

"ಬಾವಿ ಒಳಗೆ ಏನು ನಡೀತು? ಒಂದೂ ಬಿಡದಂಗೆ ಯೋಳು."

ಅವನು ಹೇಳಿದ. ರಜ ಹಾಕಿ ಬಂದು ತಾನೂ ಕದಿರಪ್ಪನ ಜೊತೆ ಕೆಳಗೆ ಇಳಿದಿದ್ದದ್ದು, ಕುಸಿದ ಕಲ್ಲನ್ನು ಅಣ್ಣ ಮೇಲಕ್ಕೆ ಎಳೆದುಕೊಳ್ಳುತ್ತಿದ್ದದ್ದು, ಮೂರನೇ ದಿನವೇ ಕದಿರಪ್ಪನ ಮೈ ಬಿಸಿಯಾಗಿದ್ದದ್ದು, ಮುಯ್ಯಿಯ ಮಾತು. ಕೊಡಲಿ ನಿಲ್ಲಿಸದೆಯೇ ಹೇಳಿದ.

"ಒಂದು ಕೇಳ್ತೀನಿ. ಸಿಟ್ಟು ಮಾಡ್ಕಬೇಡ," ಎಂದಳು. "ನಂಗೆ ಸುಳ್ಳು ಬಾಯಿಗೆ ಬಂದಾಗ ಗಂಗಮ್ಮನ ಮೊಕ ಕಾಣ್ತದೆ. ಬಾಯಿ ಕಟ್ತದೆ. ನಿಂಗೆ ಯಾರ ಮೊಕ ಕಾಣ್ತದೆ?"

ಕೋದಂಡಪ್ಪ ಒಡೆದ ಸೀಳುಗಳನ್ನು ಒಂದರ ಮೇಲೊಂದು ಜೋಡಿಸಿದ. "ಕದಿರಪ್ಪಣ್ಣನದು. ಆವತ್ತು ನಾನು ಮಂಕರಿ ಇಡ್ಕಂಡಿದ್ದೆ, ಅವನು ಕಲ್ಲು ತುಂಬ್ತಿದ್ದ. ಸತ್ತೋನು ಬಂದು ಇಲ್ಲ ಅನ್ನಲ್ಲ ಅಂತ ಅವನ ಬಾಯಿಗೆ ನನ್ನ ಮಾತು ಆಕ್ಲಾ?"

"ಅಷ್ಟೇನಾ?"

"ಅಷ್ಟೇ. ಕೆಲಸದಲ್ಲೂ ಅಷ್ಟೇ. ಕೇಜಲ್ಲಿ ಜನ ಅವ್ರೆ ಅಂತ ಒಂದು ಬೆಲ್ಲು, ಬರೀ ಕಲ್ಲು ಐತೆ ಅಂತ ಒಂದು ಬೆಲ್ಲು. ಜನದ ಬೆಲ್ಲು ಕೇಳಿದ್ರೆ ಮಿಷಿನ್ನೋನು ನಿಧಾನಕ್ಕೆ ಬಿಡ್ತಾನೆ. ಕೆಳಗಿರೋರಿಗೆ ನಾನು ಕಾಣಲ್ಲ, ನನಗೆ ಅವರು ಕಾಣಲ್ಲ. ತಪ್ಪು ಬೆಲ್ಲು ಒಡೆಯೋಕೆ ಕೈ ಬರಲ್ಲಮ್ಮ. ಯಾಕೆ ಅಂದ್ರೆ ಗೊತ್ತಿಲ್ಲ."

ಅಮ್ಮಾಜಮ್ಮ ಮೊರದಲ್ಲಿದ್ದ ಕಲ್ಲನ್ನು ಆರಿಸಿ ಎಸೆದಳು. ಇನ್ನೊಂದು ಆರಿಸಿದಳು. ಆಮೇಲೆ ಎದ್ದು ಒಳಗೆ ಹೋಗಿ ದೇವರ ಗೂಡಿನ ಮುಂದೆ ತುಂಬಾ ಹೊತ್ತು ಕೂತಳು. ಸಂಜೆ ಮುನಿಸ್ವಾಮಪ್ಪ ಬಂದಾಗ ಹೇಳಿದಳು.

"ಓಗಿ ಪಾಪಕ್ಕನ ಕೈಲಿ ವಂತು ಬಿಟ್ಟೆ ಅಂತ ಯೋಳಿ ಬಾ. ಮಂಗಳವಾರ ಬೇಡ."

"ನೀನು ಇವನ ಮಾತು ನಂಬ್ತೀಯೇನಮ್ಮ? ದೇವ್ರನ್ನೇ ನಂಬದೋನ ಮಾತು?"

"ಓಗಿ ಬತ್ತೀಯೋ ಇಲ್ವೋ?"

"ಊರ ಮುಂದೆ ಆಡಿದ ಮಾತು. ತಿರುಗಿ ತಗಂಡ್ರೆ ನಾಳೆ ಯಾರೂ ನನ್ನ ಗಂಡಸು ಅನ್ನಲ್ಲ."

"ಸರಿ," ಎಂದಳು ಅಮ್ಮಾಜಮ್ಮ. ಮತ್ತೆ ಆ ವಿಷಯ ಎತ್ತಲಿಲ್ಲ. ಸೋಮವಾರ ಒಪ್ಪೊತ್ತು ಇದ್ದಳು. ಮಂಗಳವಾರ ತಣ್ಣೀರು ಹುಯ್ದುಕೊಂಡು, ಮಡಿಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಮನೆ ಬಿಟ್ಟಳು.

ಗಂಗಮ್ಮನ ಗುಡಿ ಕೆರೆಯ ಏರಿಯ ಕೆಳಗಿತ್ತು. ಹೊಂಗೆ ಮರದ ನೆರಳಲ್ಲಿ ಇಪ್ಪತ್ತು ಜನ ಸೇರಿದ್ದರು. ಪಾಪಕ್ಕ ಎರಡು ಮಕ್ಕಳನ್ನು ಕೈಯಲ್ಲಿ ಹಿಡಿದು ಒಂದು ಕಡೆ ನಿಂತಿದ್ದಳು. ಬಚ್ಚಪ್ಪ ತಟ್ಟೆಯಲ್ಲಿ ಕರ್ಪೂರ ಇಟ್ಟ.

"ಕೋದಂಡ, ಬಾಪ್ಪ. ಅಚ್ತೀನಿ. ಆರಿಸಿ, ಕದಿರಪ್ಪ ಏನಂದ ಅಂತ ಯೋಳು."

"ಯೋಳ್ತೀನಿ ಬಚ್ಚಪ್ಪ ಮಾವ. ಕರ್ಪೂರ ಮುಟ್ಟಲ್ಲ."

"ಯಾಕ್ಲಾ?"

"ನಂಗೆ ನಂಬಿಕೆ ಇಲ್ಲ. ಇರೋನ ಥರ ಕೈ ಚಾಚಿದ್ರೆ ಅದೇ ಮೊದಲ್ನೇ ಸುಳ್ಳು. ಬಾಯಲ್ಲಿ ಯೋಳ್ತೀನಿ. ಕದಿರಪ್ಪಣ್ಣ ಬಾವಿ ಬಿಡಲಿಲ್ಲ. ಅನ್ನೆರಡು ಆಳು ಮುಯ್ಯಿ ಬಾಕಿ ಅಂದ. ಅಷ್ಟೇ ಅಂದಿದ್ದು."

ಜನ ಗುಸುಗುಟ್ಟಿತು. ಯಾರೋ ಕೂಗಿದರು: "ಮುಟ್ಟದಿದ್ರೆ ನಿನ್ನ ಮಾತಿಗೆ ಜಾಮೀನು ಯಾರ್ಲಾ?" ಇನ್ನೊಬ್ಬ ನಕ್ಕ: "ಗಣಿ ಒಳಗಿನ ಇಲಿ!"

ಬಚ್ಚಪ್ಪ ತಲೆ ಅಲ್ಲಾಡಿಸಿದ. "ನಡೆಯಲ್ಲಪ್ಪ. ಪ್ರಮಾಣ ಇಲ್ದ ಮಾತು ಲೆಕ್ಕಕ್ಕಿಲ್ಲ. ಆವಾಗ ಬಾವಿ ಯಾರ ಕೈಲೈತೋ ಅವರದೇ."

ಮುನಿಸ್ವಾಮಪ್ಪನ ಎದೆಯ ಮೇಲಿಂದ ಬಂಡೆ ಇಳಿದ ಹಾಗಾಯಿತು. ಪಾಪಕ್ಕ ಮಕ್ಕಳ ಕೈ ಬಿಟ್ಟು ಓಡಿಬಂದಳು.

"ಕೋದಂಡಪ್ಪಾ, ನಿಜಕ್ಕೇ ಅಲ್ವಾ ಮುಟ್ಟು ಅಂತಿರೋದು? ನನ್ನ ಮಕ್ಕಳ ಒಲ ಒಣಗ್ತದೆ. ನಿಂಗೆ ಅದು ಬರೀ ಬೆಂಕಿ. ಮುಟ್ಟಿಬಿಡಪ್ಪ!"

ಅಣ್ಣ ಸುಳ್ಳಿಗೆ ಹೇಳಿದ್ದ ಮಾತನ್ನೇ ಅವಳು ನಿಜಕ್ಕೆ ಹೇಳುತ್ತಿದ್ದಳು. ಕೋದಂಡಪ್ಪನ ಬಲಗೈ ಒಂದು ಗೇಣು ಮೇಲೆದ್ದು ಅಲ್ಲೇ ನಿಂತಿತು.

ಹಿಂದಿನಿಂದ ಯಾರೋ ಆ ಮುಂಗೈ ಹಿಡಿದು ಕೆಳಗಿಳಿಸಿದರು. ಅಮ್ಮಾಜಮ್ಮ.

"ನೀನು ಮುಟ್ಬೇಡ," ಎಂದಳು. ಬಚ್ಚಪ್ಪನ ಕಡೆ ತಿರುಗಿದಳು. "ಜಾಮೀನು ಕೇಳಿದ್ರಲ್ಲ. ನಾನು. ಅಚ್ಚು."

"ನೀನು ಬಾವಿ ಒಳಗಿರಲಿಲ್ಲ ಅಮ್ಮಾಜಕ್ಕ. ಯಾವುದಕ್ಕೆ ಆರಿಸ್ತೀಯಾ?"

"ಬಾವಿಗಲ್ಲ. ಇವನಿಗೆ. ಇವನು ಈಗ ಯೋಳಿದ ಮಾತು ಸುಳ್ಳಲ್ಲ ಅಂತ ಆರಿಸ್ತೀನಿ. ಸುಳ್ಳಾಗಿದ್ರೆ ನನ್ನ ಮನೆ ದೀಪ ಆರೋಗ್ಲಿ."

"ಅಮ್ಮಾ!" ಮುನಿಸ್ವಾಮಪ್ಪ ಮುಂದೆ ನುಗ್ಗಿದ. "ಆ ಮನೇಲಿ ನನ್ನ ಮಕ್ಕಳವ್ರೆ!"

"ಅವ್ರೆ ಕಣಪ್ಪ. ಎತ್ತಿ ಆಡಿಸ್ದೋಳು ನಾನೇ. ಇವನು ಸುಳ್ಳ ಅನ್ನೋದಾದ್ರೆ ನೀನು ಬಂದು ಆರಿಸು. ನಾನು ಪಕ್ಕಕ್ಕೆ ನಿಂತ್ಕತೀನಿ."

ಮುನಿಸ್ವಾಮಪ್ಪ ತಾಯಿಯ ಮುಖ ನೋಡಿದ, ಗುಡಿಯೊಳಗಿನ ಅರಿಸಿನ ಬಳಿದ ಮುಖ ನೋಡಿದ. ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಸರಿದ.

ಬಚ್ಚಪ್ಪ ಕಡ್ಡಿ ಗೀರಿದ. ಕರ್ಪೂರ ಹತ್ತಿಕೊಂಡು ಉದ್ದಕ್ಕೆ ಉರಿಯಿತು. ಅಮ್ಮಾಜಮ್ಮ ಕಣ್ಣು ಮುಚ್ಚಲಿಲ್ಲ. ಗಂಗಮ್ಮನನ್ನೇ ನೋಡುತ್ತಾ ಅಂಗೈಯನ್ನು ಬೆಂಕಿಯ ಮೇಲೆ ಒತ್ತಿದಳು.

ಅವತ್ತೇ ತೀರ್ಮಾನವಾಯಿತು. ನಾಳೆಯಿಂದ ದಿನ ಬಿಟ್ಟು ದಿನ. ಹನ್ನೆರಡು ಆಳು ಮುಯ್ಯಿ ಪಾಪಕ್ಕನ ಕಡೆಯಿಂದ ಬಾಕಿ. "ಒಪ್ಕಂಡೆ," ಎಂದಳು ಪಾಪಕ್ಕ.

ಮನೆಗೆ ಬಂದು ಕೋದಂಡಪ್ಪ ಅಮ್ಮನ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿದ. ನಡುವೆ ಬೊಬ್ಬೆ ಎದ್ದಿತ್ತು.

"ಸುಡ್ತಲ್ಲಮ್ಮ. ನಿಜಕ್ಕೆ ಆರಿಸಿದ್ರೆ ಗಂಗಮ್ಮ ಸುಡಲ್ಲ ಅಂತಿದ್ದೆ?"

"ನಾನು ಯಾವಾಗ ಅಂದೆ? ಸುಟ್ರೂ ಆರಿಸ್ಬೇಕು ಅಂತಿದ್ದೆ. ನೀನು ಯಾವತ್ತು ನೆಟ್ಟಗೆ ಕೇಳಿಸ್ಕಂಡಿದ್ದೀಯಾ?" ಕೈ ಹಿಂದಕ್ಕೆ ಎಳೆದುಕೊಂಡು ಅಂದಳು. "ನಿಂಗೆ ನಂಬಿಕೆ ಬರ್ಲಿ ಅಂತ ನಾನು ಸೋಮವಾರ ಬಿಡಲ್ಲ. ತಿಳ್ಕ."

"ಬಿಡ್ಬೇಡ."

ಮುನಿಸ್ವಾಮಪ್ಪ ಆ ದಿನದಿಂದ ತಟ್ಟೆಯನ್ನು ಹೊರಗೆ ಜಗಲಿಗೆ ತರಿಸಿಕೊಂಡು ಉಂಡ. ತಾಯಿಯ ಜೊತೆ ಮಾತಿಲ್ಲ. ಬೇಕಾದ್ದನ್ನು ಕನಕಳ ಬಾಯಲ್ಲಿ ಹೇಳಿಸುತ್ತಿದ್ದ. ಅಮ್ಮಾಜಮ್ಮ ಅವನ ಮುದ್ದೆ ತಣ್ಣಗಾಗದ ಹಾಗೆ ನೋಡಿಕೊಂಡಳು, ಆದರೆ ಬಾ ಒಳಗೆ ಎನ್ನಲಿಲ್ಲ. ಬದನೆ ಗಿಡ ಅರ್ಧ ಕೀಳಬೇಕಾಯಿತು. ಮುಂದಿನ ಭಾನುವಾರ ಕೋದಂಡಪ್ಪ ಮಾತು ಕೊಟ್ಟ ಹಾಗೆ ಬಂದು ಅತ್ತಿಗೆಯ ಜೊತೆ ಬಗ್ಗಿ ಗಿಡ ಕಿತ್ತ.

"ಕೀಳೋಕಾದ್ರೂ ಬಂದ್ಯಲ್ಲ," ಎಂದಳು ವೆಂಕಟರತ್ನಮ್ಮ. ಮೊದಲಿನಷ್ಟು ಖಾರ ಇರಲಿಲ್ಲ.

ಪಾಪಕ್ಕ ಮುಯ್ಯಿ ತೀರಿಸಲು ಉಗಾದಿಗೆ ಕಾಯಲಿಲ್ಲ. ತನ್ನ ವಂತಲ್ಲದ ದಿನ ಬೆಳಿಗ್ಗೆಯೇ ಕುಡುಗೋಲು ಹಿಡಿದು ಮುನಿಸ್ವಾಮಪ್ಪನ ಹೊಲಕ್ಕೆ ಬಂದು ಹುರುಳಿಕಾಯಿ ಸಾಲಿನಲ್ಲಿ ಕಳೆ ಕೀಳಲು ಕೂತಳು. ಯಾರೂ ಬಾ ಅನ್ನಲಿಲ್ಲ. ಮಧ್ಯಾಹ್ನ ವೆಂಕಟರತ್ನಮ್ಮ ಮುದ್ದೆಯ ಗಂಗಾಳವನ್ನು ಅವಳ ಮುಂದೆ ಇಟ್ಟಳು.

"ಉಣ್ಣು. ಆಳಿಗೆ ಇಕ್ಕದೆ ಕಳಿಸಿದ್ರೆ ನಮ್ಮ ಮನೆ ಮಾನ ಓಗ್ತದೆ. ಮಾತಾಡ್ಬೇಕು ಅಂತೇನಿಲ್ಲ."

"ಉಪ್ಪು ಕಮ್ಮಿ ಆಗೈತೆ," ಎಂದಳು ಪಾಪಕ್ಕ.

"ಗಂಡ ಜಗಲಿ ಸೇರಿದ ಮನೇಲಿ ಉಪ್ಪು ಎಲ್ಲಿ ನೆಪ್ಪಿರ್ತದೆ?"

ಇಬ್ಬರೂ ನಗು ತಡೆದುಕೊಂಡರು.

ಕಷ್ಟ ಬಂದದ್ದು ಬಾವಿಯಲ್ಲಿ. ಕಪಿಲೆಯ ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ಹೋಗಿ ಬಾನಿಯನ್ನು ಎಳೆಯಬೇಕು, ನೀರು ಸುರಿದ ಮೇಲೆ ತಿರುಗದೆ ಹಾಗೇ ಹಿಂದಕ್ಕೆ ಹೆಜ್ಜೆಯಿಟ್ಟು ಏರಬೇಕು. ಗಾಡಿಯ ಎತ್ತಿಗೆ ಅದು ಬರುವುದಿಲ್ಲ. ಪಾಪಕ್ಕನ ಅಣ್ಣ ತಂದದ್ದು ಗಾಡಿ ಎತ್ತು. ಹಿಂದಕ್ಕೆ ಅಂದರೆ ಪಕ್ಕಕ್ಕೆ ತಿರುಗಿದವು, ಕೊಂಬು ಕೊಡವಿದವು, ಹಗ್ಗ ಕಾಲಿಗೆ ಸುತ್ತಿಕೊಂಡವು. ಮೊದಲ ವಂತಿನ ದಿನ ಮಧ್ಯಾಹ್ನದವರೆಗೆ ಎತ್ತಿದ್ದು ಒಂಬತ್ತು ಬಾನಿ. ಎರಡನೇ ವಂತಿಗೆ ಹದಿನಾಲ್ಕು. ನೀರು ಕಾಲುವೆಯಲ್ಲೇ ಇಂಗಿತು, ಹೊಲ ಮುಟ್ಟಲಿಲ್ಲ. ಮುನಿಸ್ವಾಮಪ್ಪ ತನ್ನ ಬದನೆಯ ನಡುವೆ ಗುದ್ದಲಿ ಊರಿ ನಿಂತು ಅದನ್ನು ನೋಡಿದ. ಊರವರೂ ನೋಡಿದರು. "ಬಿಡ್ರಿ, ನಾಲ್ಕು ವಂತು ಇಂಗಾದ್ರೆ ಅವಳೇ ಬಾವಿ ಬಿಟ್ಟೋಗ್ತಾಳೆ," ಎಂದು ಒಬ್ಬ ಅವನ ಕಿವಿಯ ಹತ್ತಿರ ಹೇಳಿದ.

ಮುನಿಸ್ವಾಮಪ್ಪ ಗುದ್ದಲಿ ಕಿತ್ತುಕೊಂಡು ಮನೆ ಕಡೆ ನಡೆದ. ಆ ಸಂಜೆ ಜಗಲಿಯಲ್ಲಿ ಉಣ್ಣುತ್ತಾ, ಆ ಮಂಗಳವಾರದ ನಂತರ ಮೊದಲ ಸಲ, ನೇರವಾಗಿ ಒಳಗಿನ ಕಡೆ ಮುಖ ಮಾಡಿ ಕೇಳಿದ.

"ಅಮ್ಮಾ, ಕೈ ವಾಸಿ ಆಯ್ತಾ?"

"ಆಯ್ತು ಕಣಪ್ಪ. ಸಾರು ಆಕ್ಲಾ?"

"ಆಕು."

ಮೂರನೇ ವಂತಿನ ದಿನ ಪಾಪಕ್ಕ ಬೆಳಕು ಹರಿಯುವ ಹೊತ್ತಿಗೆ ತನ್ನ ಎತ್ತು ಬಿಚ್ಚಲು ಕೊಟ್ಟಿಗೆಗೆ ಹೋದಳು. ಒಂದೇ ಎತ್ತು ಇತ್ತು. ಬಾವಿಯ ಕಡೆ ಓಡಿದಳು.

ದೂರದಿಂದಲೇ ರಾಟೆಯ ಕಿರುಗುಟ್ಟುವ ಸದ್ದು ಕೇಳಿಸಿತು. ನೊಗದ ಒಂದು ಕಡೆ ಅವಳ ಗಾಡಿ ಎತ್ತು, ಇನ್ನೊಂದು ಕಡೆ ಮುನಿಸ್ವಾಮಪ್ಪನ ಪಳಗಿದ ಮುದಿ ಎತ್ತು. ಮುದಿ ಎತ್ತು ಹಿಂದಕ್ಕೆ ಹೆಜ್ಜೆ ಇಡುತ್ತಿತ್ತು, ನೊಗ ಜಗ್ಗಿದ್ದರಿಂದ ಗಾಡಿ ಎತ್ತೂ ಅದರ ಜೊತೆ ಇಡುತ್ತಿತ್ತು. ಒಂದು ಹೆಜ್ಜೆ ತಪ್ಪಿ, ಎರಡು ಹೆಜ್ಜೆ ಸರಿಯಾಗಿ. ಮುನಿಸ್ವಾಮಪ್ಪ ಹಗ್ಗದ ಮೇಲೆ ಕೂತು "ಇಂದೆ, ಇಂದೆ, ಬಾ ನನ್ನಪ್ಪ" ಎಂದು ಗಾಡಿ ಎತ್ತಿನ ಬಾಲ ಸವರುತ್ತಿದ್ದ. ಅವನ ಮೈಯೆಲ್ಲ ಬೆವರಿತ್ತು. ಬಂದು ಬಹಳ ಹೊತ್ತಾಗಿದ್ದಿರಬೇಕು.

ಪಾಪಕ್ಕನನ್ನು ಕಂಡು ಎತ್ತು ನಿಲ್ಲಿಸಿದ. ಹಗ್ಗದಿಂದ ಇಳಿದ. ಅವಳ ಮುಖ ನೋಡದೆ ಹಗ್ಗವನ್ನೂ ಬಾರುಕೋಲನ್ನೂ ಅವಳ ಕೈಗಿಟ್ಟ.

"ಇವತ್ತಿನ ದಿನ ನಿಂದು," ಎಂದ.

ಗುದ್ದಲಿ ಹೆಗಲಿಗೇರಿಸಿಕೊಂಡು ತನ್ನ ಹೊಲದ ಕಡೆ ನಡೆದ. ಪಾಪಕ್ಕ ಹಗ್ಗ ಹಿಡಿದು ಕಾಲುವೆಯ ಕಡೆ ನೋಡಿದಳು. ನೀರು ಅವಳ ಹೊಲ ಸೇರಿ, ಎರಡನೇ ಪಾತಿ ತುಂಬಿ ಮೂರನೆಯದಕ್ಕೆ ಇಳಿಯುತ್ತಿತ್ತು.